ಏರ್ ರೈಫಲ್ ಗ್ರೂಪ್ ಚದುರಿದರೆ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ?

"ಗನ್ ಕೆಟ್ಟದ ರೀ ಸರ್, ನಿನ್ನೆತನಕ ಹತ್ತು ಬೀಳ್ತಿತ್ತು." ಕಲಬುರಗಿಯಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುವ ಮಕ್ಕಳಿಂದ ನಾನು ಕೇಳುವ ದೂರು ಹೆಚ್ಚು ಕಡಿಮೆ ಇದೇ. ಗ್ರೂಪ್ ಅಂದರೆ ಒಂದೇ ಗುರಿಗೆ ಹೊಡೆದ ಕೆಲವು ಶಾಟ್‌ಗಳ ತೂತುಗಳ ಗುಂಪು. ಗನ್ ನಿಜವಾಗಿ ಕೆಟ್ಟಿರುವುದು ಅಪರೂಪ. ಸಡಿಲವಾದ ಸ್ಕ್ರೂ, ಚಪ್ಪಟೆಯಾದ ಪೆಲೆಟ್ (ಸೀಸದ ಸಣ್ಣ ಗುಂಡು), ಪಕ್ಕದಲ್ಲಿ ಬೀಸುವ ಕೂಲರ್, ಖಾಲಿಯಾಗುತ್ತಾ ಬಂದ ಗಾಳಿ ಸಿಲಿಂಡರ್, ಇವೇ ಜಾಸ್ತಿ. ಆದರೆ ಮಕ್ಕಳು ಮೊದಲು ಕೈ ಹಾಕುವುದು ಸೈಟ್‌ಗೆ (ಗುರಿ ನೋಡುವ ಭಾಗ), ಆಮೇಲೆ ಟ್ರಿಗರ್‌ಗೆ. ಎರಡು ದಿನದಲ್ಲಿ ಮೂಲ ದೋಷದ ಮೇಲೆ ಇನ್ನೂ ಮೂರು ಸೇರಿರುತ್ತವೆ. ಮ್ಯಾಚ್ ರೈಫಲ್ (ಸ್ಪರ್ಧೆಗೆಂದೇ ಮಾಡಿದ ರೈಫಲ್) ಬಿಚ್ಚಿ ರಿಪೇರಿ ಮಾಡುವವರು ನಮ್ಮ ಕಡೆ ಸಿಗುವುದು ಕಷ್ಟ. ದೊಡ್ಡ ಊರಿಗೆ ಕಳಿಸಿದರೆ ಅಷ್ಟು ದಿನ ಮಗುವಿನ ಅಭ್ಯಾಸ ನಿಂತಂತೆಯೇ. ಅದಕ್ಕೇ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ಮುಟ್ಟುವ ಮೊದಲು

4.5 ಮಿಲಿಮೀಟರ್ ಪೆಲೆಟ್‌ನ ತೂಕ ಸುಮಾರು 0.53 ಗ್ರಾಂ. ಮ್ಯಾಚ್ ರೈಫಲ್‌ನಿಂದ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 8 ಜೂಲ್ ಒಳಗೇ ಇರುತ್ತದೆ, ಆದರೆ ಒಂದು ಕಣ್ಣು ಹೋಗಲು ಅಷ್ಟು ಧಾರಾಳ ಸಾಕು. 4.5 ಮಿಲಿಮೀಟರ್ ಮತ್ತು 20 ಜೂಲ್ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ ಎಂಬ ಕಾರಣಕ್ಕೆ ಅದನ್ನು ಆಟಿಕೆ ಅಂದುಕೊಳ್ಳಬೇಡಿ. ಪಾರಿವಾಳ, ಗಿಳಿ, ನವಿಲು ಅಂತ ತೋಟಕ್ಕೆ ಒಯ್ಯಲೇಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಪರಾಧ.

ಪರೀಕ್ಷೆ ಮಾಡುವಾಗಲೂ ಬ್ಯಾರೆಲ್‌ನ ಬಾಯಿ ಗುರಿಯ ಕಡೆಗೇ ಇರಲಿ. ಸ್ಕ್ರೂ ಮುಟ್ಟುವ ಮುಂಚೆ ಬೋಲ್ಟ್ (ಪೆಲೆಟ್ ತುಂಬುವ ಬಾಗಿಲು) ತೆರೆದು, ಒಳಗೆ ಪೆಲೆಟ್ ಇಲ್ಲ ಎಂದು ಕಣ್ಣಾರೆ ನೋಡಿ. ಎಲ್ಲರೂ ಕನ್ನಡಕ ಹಾಕಲಿ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಗೋಡೆ, ನೆಲ ಸಾಮಾನ್ಯ ಅಲ್ವಾ? ಆ ಕಲ್ಲಿಗೆ ಬಡಿದ ಪೆಲೆಟ್ ವಾಪಸ್ ಹಾರಿ ಬರುತ್ತದೆ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಡಬ್ಬಿ, ಅದರ ಹಿಂದೆ ದಪ್ಪ ರಬ್ಬರ್ ಮ್ಯಾಟ್ ಅಥವಾ ಹಳೇ ಕಂಬಳಿ ಇರಲೇಬೇಕು.

ಮೊದಲ ಪ್ರಶ್ನೆ: ತಪ್ಪು ಗನ್‌ದೋ, ಕೈಯದೋ?

ಒಂದು ಗಟ್ಟಿ ಮೇಜು, ಒಂದು ಚೀಲ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಜೋಳ ತುಂಬಿ ಹೊಲಿದರೂ ಆಯಿತು (ಆ ಜೋಳ ಮತ್ತೆ ಅಡುಗೆಗೆ ಬೇಡ). ರೈಫಲ್‌ನ ಮುಂಭಾಗವನ್ನು ಚೀಲದ ಮೇಲಿಟ್ಟು ಕೂತು ಹೊಡೆಯಿರಿ. ಬ್ಯಾರೆಲ್ ಚೀಲಕ್ಕೆ ತಾಗಬಾರದು. ಒಂದು ಗುರಿ ಕಾರ್ಡಿಗೆ 5 ಶಾಟ್‌ನಂತೆ ಮೂರು ಕಾರ್ಡ್ ಹೊಡೆಯಿರಿ. ನಿಮಗಿಂತ ಚೆನ್ನಾಗಿ ಹೊಡೆಯುವವರು ಇದ್ದರೆ ಅವರಿಂದಲೂ ಒಂದು ಕಾರ್ಡ್ ಹೊಡೆಸಿ.

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. 10 ಮೀಟರ್ ರೈಫಲ್ ಕಾರ್ಡಿನಲ್ಲಿ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್. ಪೆಲೆಟ್‌ನ ಅಂಚು ಆ ಚುಕ್ಕೆಗೆ ತಾಗಿದರೂ ಹತ್ತೇ. ಅಂದರೆ ಗ್ರೂಪ್ ಸರಿಯಾಗಿ ನಡುವಿನಲ್ಲಿದ್ದು, ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ 9.5 ಮಿಲಿಮೀಟರ್ ಇದ್ದರೆ ಎಲ್ಲವೂ ಹತ್ತು. ಸರಿಯಾಗಿರುವ ಮ್ಯಾಚ್ ರೈಫಲ್ ಚೀಲದ ಮೇಲಿಂದ ಇದಕ್ಕಿಂತ ಚಿಕ್ಕ ಗ್ರೂಪ್ ಕೊಡಬೇಕು. ಕೊಟ್ಟರೆ ಗನ್ ಬಿಟ್ಟುಬಿಡಿ. ನಿಲುವು, ಉಸಿರು, ಟ್ರಿಗರ್ ಎಳೆಯುವ ರೀತಿ ನೋಡಿ. ಸಾಧಾರಣ ಸ್ಪ್ರಿಂಗ್ ಗನ್‌ನಿಂದ (ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವ ಗನ್) ಇಷ್ಟು ನಿರೀಕ್ಷಿಸಬೇಡಿ. ಅದು ಹೊಸತರಲ್ಲಿ ಹೊಡೆದ ಕಾರ್ಡ್ ಇದ್ದರೆ ಅದರ ಜೊತೆ ಹೋಲಿಸಿ. ಪ್ರತಿ ಗನ್‌ನ ಒಳ್ಳೆಯ ದಿನದ ಒಂದು ಕಾರ್ಡಿನ ಮೇಲೆ ತಾರೀಖು ಬರೆದು ಜೋಪಾನ ಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಗ್ರೂಪ್ ಚಿಕ್ಕದಿದೆ, ಆದರೆ ನಡುವಿನಲ್ಲಿಲ್ಲ

ಇದು ದೋಷವೇ ಅಲ್ಲ. ಸೈಟ್ ತಿರುಗಿದೆ, ಅಷ್ಟೇ. 5 ಶಾಟ್ ಹೊಡೆದು, ಗ್ರೂಪ್‌ನ ನಡುವನ್ನು ನೋಡಿ ಕ್ಲಿಕ್ ಕೊಡಿ (ಸೈಟ್‌ನ ಗುಂಡಿ ತಿರುಗಿಸಿ). ಒಂದೊಂದು ಶಾಟ್ ನೋಡಿ ಕ್ಲಿಕ್ ಕೊಡುತ್ತಾ ಹೋದರೆ ಸೈಟ್ ಊರೆಲ್ಲಾ ಸುತ್ತಿ ಬರುತ್ತದೆ.

ಸರಿ ಮಾಡಿದ ಮೇಲೂ ಮರುದಿನ ಮತ್ತೆ ಬೇರೆ ಕಡೆ ಹೋದರೆ ಸೈಟ್ ಹಳಿಯ ಮೇಲೆ ಜಾರುತ್ತಿದೆ. ಸೈಟ್ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲ್‌ನಿಂದ ಸಣ್ಣ ಗೆರೆ ಹಾಕಿ. ಗೆರೆ ತಪ್ಪಿದರೆ ಕಳ್ಳ ಸಿಕ್ಕ. ಹಿಡಿಯುವ ಸ್ಕ್ರೂ ಬಿಗಿ ಮಾಡಿ.

ಗ್ರೂಪ್ ಎಲ್ಲಾ ದಿಕ್ಕಿಗೂ ಚದುರಿದೆ

ಹೆಚ್ಚು ಕಾಣುವ ದೂರು ಇದೇ. ಮೊದಲು ಸ್ಕ್ರೂ. ಸ್ಟಾಕ್‌ಗೆ (ಗನ್ ಕೂರುವ ಹಿಡಿಗೆ) ಗನ್ ಹಿಡಿದಿರುವ ಸ್ಕ್ರೂಗಳು, ಹಿಂದಿನ ಸೈಟ್, ಮುಂದಿನ ಸೈಟ್, ಕೆನ್ನೆ ಇಡುವ ತುಂಡು, ಹೆಗಲಿಗೆ ಒತ್ತುವ ತಟ್ಟೆ, ಹೀಗೆ ಒಂದೊಂದನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡಿ. ಸರಿಯಾದ ಅಳತೆಯ ಅಲೆನ್ ಕೀ ಬಳಸಿ. ಬಿಗಿಯಾದರೆ ಸಾಕು, ಜೋರು ತೋರಿಸಬೇಡಿ. ಅಲ್ಯೂಮಿನಿಯಂ ಹಲ್ಲು ಒಂದು ಸಲ ಸವೆದರೆ ಆ ರಿಪೇರಿ ಮನೆಯಲ್ಲಿ ಆಗುವುದಿಲ್ಲ. ಸ್ಪ್ರಿಂಗ್ ಗನ್‌ನಲ್ಲಿ ಪ್ರತಿ ಶಾಟ್‌ಗೂ ಜರ್ಕ್ ಬರುವುದರಿಂದ ಸ್ಕ್ರೂ ಬೇಗ ಸಡಿಲವಾಗುತ್ತದೆ. ಬ್ಯಾರೆಲ್ ಮಡಚುವ ಗನ್ ಆದರೆ ಆ ಕೀಲನ್ನೂ ನೋಡಿ. ಬ್ಯಾರೆಲ್ ಮುಚ್ಚಿದ ಮೇಲೆ ಎಡಕ್ಕೆ ಬಲಕ್ಕೆ ಅಲ್ಲಾಡಬಾರದು.

ಸ್ಕ್ರೂ ಸರಿ ಇದ್ದರೆ ಪೆಲೆಟ್ ನೋಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಯಾರೂ ಇದನ್ನು ಅನುಮಾನಿಸುವುದಿಲ್ಲ. ಮ್ಯಾಚ್ ಪೆಲೆಟ್ ಮೆತ್ತನೆಯ ಸೀಸದ್ದು. ಮುಂದೆ ಚಪ್ಪಟೆ ತಲೆ, ಹಿಂದೆ ತೆಳ್ಳಗಿನ ಲಂಗ. ಗಾಳಿಯ ಒತ್ತಡಕ್ಕೆ ಆ ಲಂಗ ಅರಳಿ ಬ್ಯಾರೆಲ್‌ನ ಗೋಡೆಗೆ ಕೂರುತ್ತದೆ. ಲಂಗದ ಒಂದು ಬದಿ ಸೊಟ್ಟಗಾದರೆ ಗಾಳಿ ಅಲ್ಲಿಂದ ನುಸುಳುತ್ತದೆ. ಪೆಲೆಟ್ ಬ್ಯಾರೆಲ್ ಬಿಡುವಾಗಲೇ ಓಲುತ್ತದೆ. ಯಾದಗಿರಿಯಿಂದಲೋ ಬೀದರ್‌ನಿಂದಲೋ ಬಸ್ಸಿನಲ್ಲಿ ಬರುವ ಮಕ್ಕಳ ಚೀಲದಲ್ಲಿ ಅರ್ಧ ಖಾಲಿ ಡಬ್ಬಿ ದಾರಿಯುದ್ದಕ್ಕೂ ಗಡಗಡ ಅನ್ನುತ್ತಿರುತ್ತದೆ. ಆ ಡಬ್ಬಿಯಲ್ಲಿ ಸೊಟ್ಟ ಪೆಲೆಟ್ ಇಲ್ಲದೆ ಇರುವುದಿಲ್ಲ. ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇಟ್ಟು, ಪೆಲೆಟ್ ಅಲ್ಲಾಡದಂತೆ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆರಿಸುವ ವಿಧಾನ ಹೀಗಿದೆ. ಒಂದು ಗಾಜಿನ ತುಂಡನ್ನು ಸ್ವಲ್ಪವೇ ಓರೆಯಾಗಿ ಇಡಿ. ಪೆಲೆಟ್‌ಗಳನ್ನು ಒಂದೊಂದಾಗಿ ಅಡ್ಡಲಾಗಿ ಉರುಳಿಸಿ. ತಲೆ ಮತ್ತು ಲಂಗದ ಅಳತೆ ಬೇರೆ ಇರುವುದರಿಂದ ಪೆಲೆಟ್ ನೇರ ಹೋಗುವುದಿಲ್ಲ, ಬಿಲ್ಲಿನಂತೆ ಬಾಗಿ ಉರುಳುತ್ತದೆ. ಒಳ್ಳೆಯವೆಲ್ಲಾ ಹೆಚ್ಚು ಕಡಿಮೆ ಒಂದೇ ಜಾಗ ಸೇರುತ್ತವೆ. ಕುಂಟುತ್ತಾ ಹೋಗುವುದು, ಬೇರೆ ಕಡೆ ತಿರುಗುವುದು ಸೊಟ್ಟವು. ಅವನ್ನು ಮ್ಯಾಚ್‌ಗೆ ಇಡಬೇಡಿ.

ತೂಕ ಹಾಕಿ ಆರಿಸುವವರೂ ಇದ್ದಾರೆ. ಸರಾಫ್ ಅಂಗಡಿಯ ತಕ್ಕಡಿ 0.01 ಗ್ರಾಂ ತೋರಿಸುವಂಥದ್ದಾದರೆ ಅದು ಪೆಲೆಟ್ ತೂಕದ ನೂರರಲ್ಲಿ ಎರಡು ಭಾಗ ಆಯಿತು. ಅಷ್ಟು ಒರಟು ಅಳತೆಯಿಂದ ಪ್ರಯೋಜನ ಕಡಿಮೆ. 10 ಮೀಟರ್ ದೂರಕ್ಕೆ ತೂಕಕ್ಕಿಂತ ಆಕಾರವೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಇನ್ನು ಡಬ್ಬಿಯ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಬರೆದಿರುತ್ತದೆ. ಒಂದು ಬ್ಯಾರೆಲ್‌ಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸದೇ ಇರಬಹುದು. ಬ್ಯಾಚ್ ನಂಬರ್ ಕೂಡ ಬರೆದಿಟ್ಟುಕೊಳ್ಳಿ. ಡಬ್ಬಿ ಬದಲಾದ ದಿನವೇ ಗ್ರೂಪ್ ಚದುರಿದ್ದರೆ ಹೆಚ್ಚು ಹುಡುಕುವ ಕೆಲಸವಿಲ್ಲ. ಹಳೆಯ ಬ್ಯಾಚ್‌ನ ನಾಲ್ಕು ಪೆಲೆಟ್ ಉಳಿದಿದ್ದರೂ ಹೊಡೆದು ನೋಡಿ.

ಪೆಲೆಟ್ ಮೇಲೆ ಬಿಳಿ ಪುಡಿ ಕಂಡರೆ ಅದು ತೇವ ತಗುಲಿ ಹಾಳಾದ ಸೀಸ. ಆ ಪುಡಿ ವಿಷ. ತೊಳೆದು ಬಳಸುವ ಆಸೆ ಬೇಡ, ಅಡುಗೆಮನೆಯ ಜರಡಿಯಂತೂ ಖಂಡಿತ ತರಬೇಡಿ. ಮುಚ್ಚಿದ ಡಬ್ಬಿಯಲ್ಲಿ ಬೇರೆ ಇಟ್ಟುಬಿಡಿ. ಪೆಲೆಟ್ ಬಾಯಲ್ಲಿ ಹಿಡಿಯುವುದು ಕೆಟ್ಟ ಚಟ, ಮಕ್ಕಳಲ್ಲಿ ಕಂಡರೆ ಅಲ್ಲೇ ನಿಲ್ಲಿಸಿ. ಅಭ್ಯಾಸದ ಜಾಗದಲ್ಲಿ ತಿನ್ನುವುದು ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸಿದರೆ ಸೀಸದ ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹತ್ತು ವರ್ಷದ ಮಗುವಿನ ಕೈಗೆ ರೈಫಲ್ ಕೊಡುವ ನಾವು ಇದನ್ನು ಮರೆಯಬಾರದು.

ಸ್ಕ್ರೂ, ಪೆಲೆಟ್ ಎರಡೂ ಸರಿ ಇದ್ದರೆ ಬ್ಯಾರೆಲ್ ಸ್ವಚ್ಛ ಮಾಡಿ. ನಮ್ಮ ಕಡೆ ಎರೆಮಣ್ಣಿನ ಧೂಳು, ದಾಲ್ ಮಿಲ್ ಹತ್ತಿರವಾದರೆ ತೊಗರಿ ಹೊಟ್ಟಿನ ಧೂಳು ಎಲ್ಲ ಸಂದಿಗೂ ನುಗ್ಗುತ್ತದೆ. ಗಾಳಿ ಸಿಲಿಂಡರ್ ಇರುವ ಗನ್‌ನಲ್ಲಿ ಸ್ವಚ್ಛ ಮಾಡುವ ಫೆಲ್ಟ್ ಗುಳಿಗೆ ಎರಡು ಮೂರು ಹಾಕಿ ಹೊಡೆದರೆ ಆಯಿತು. ಕರೀ ಬಣ್ಣ ಬರುವುದು ನಿಲ್ಲುವತನಕ ಮಾಡಿ. ಸ್ಪ್ರಿಂಗ್ ಗನ್‌ನಲ್ಲಿ ಹಾಗೆ ಹೊಡೆಯಬೇಡಿ. ಮುಂದೆ ತಡೆ ಸಾಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ. ಅಲ್ಲಿ ದಾರ ಕಟ್ಟಿದ ಬಟ್ಟೆಯನ್ನು ಪೆಲೆಟ್ ತುಂಬುವ ಕಡೆಯಿಂದ ಎಳೆಯಿರಿ. ಸ್ಟೀಲ್ ಕಡ್ಡಿಯನ್ನು ಬ್ಯಾರೆಲ್ ಬಾಯಿಯ ಕಡೆಯಿಂದ ತುರುಕುವುದು ಬೇಡವೇ ಬೇಡ. ಬಾಯಿಯ ಅಂಚಿಗೆ ಗೀರು ಬಿದ್ದರೆ ಪೆಲೆಟ್ ಪ್ರತಿ ಸಲವೂ ಒಂದು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಸ್ವಚ್ಛ ಮಾಡಿದ ಮೇಲೆ ಮೊದಲ ಕೆಲವು ಶಾಟ್ ಅಲೆದಾಡುವುದು ಮಾಮೂಲಿ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬ್ಯಾರೆಲ್ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅಂಚಿನಲ್ಲಿ ಗೀರು, ತಗ್ಗು ಕಂಡರೆ ಇಲ್ಲಿಗೆ ನಿಲ್ಲಿಸಿ. ಅದು ಲೇಥ್ ಇರುವವರ ಕೆಲಸ, ಅದರಲ್ಲೂ ಬಂದೂಕಿನ ಬ್ಯಾರೆಲ್ ಗೊತ್ತಿರುವವರ ಕೆಲಸ.

ತೂತುಗಳು ಮೇಲಿಂದ ಕೆಳಗೆ ಸಾಲಾಗಿ ಬೀಳುತ್ತಿವೆ

ಚೀಲದ ಮೇಲಿಂದ ಹೊಡೆದಾಗಲೂ ಹೀಗೇ ಆದರೆ ವೇಗ ಏರುಪೇರಾಗುತ್ತಿದೆ. ನಿಂತು ಹೊಡೆದಾಗ ಮಾತ್ರ ಆದರೆ ಉಸಿರು ಕಾರಣ.

ಸಿಲಿಂಡರ್‌ನ ಒತ್ತಡ ತೋರಿಸುವ ಗೇಜ್ ನೋಡಿ. ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ತುಂಬಿರುತ್ತದೆ (ಬಾರ್ ಅಂದರೆ ಒತ್ತಡದ ಅಳತೆ). ರೆಗ್ಯುಲೇಟರ್ ಅದನ್ನು ತಗ್ಗಿಸಿ ಪ್ರತಿ ಶಾಟ್‌ಗೂ ಒಂದೇ ಅಳತೆ ಕೊಡುತ್ತದೆ. ಸಿಲಿಂಡರ್‌ನ ಒತ್ತಡ ರೆಗ್ಯುಲೇಟರ್‌ನ ಒತ್ತಡಕ್ಕಿಂತ ಕೆಳಗಿಳಿದರೆ ಅಳತೆ ತಪ್ಪಿ, ಪೆಲೆಟ್ ಒಂದೊಂದಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಗೇಜ್‌ನ ಹಸಿರು ಪಟ್ಟಿಯ ಒಳಗೇ ಇರಿ. 60 ಶಾಟ್‌ನ ಮ್ಯಾಚ್, ಅದಕ್ಕೆ ಮುಂಚಿನ ಸೈಟರ್ (ಅಂಕಕ್ಕೆ ಹಿಡಿಯದ ಅಭ್ಯಾಸದ ಶಾಟ್) ಎಲ್ಲ ಸೇರಿ ಸಾಕಾಗುವಷ್ಟು ತುಂಬಿಸಿಕೊಂಡೇ ಲೈನಿಗೆ ಹೋಗಿ.

ತುಂಬಿದ ಸಿಲಿಂಡರ್‌ನಲ್ಲೂ, ಒಳ್ಳೆ ಪೆಲೆಟ್‌ನಲ್ಲೂ ಮೇಲೆ ಕೆಳಗೆ ಹೋದರೆ, ಅದರಲ್ಲೂ ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಶಾಟ್ ಮಾತ್ರ ಮೇಲೆ ಹೋದರೆ, ರೆಗ್ಯುಲೇಟರ್‌ನ ಸೀಲ್‌ನಿಂದ ಒತ್ತಡ ನಿಧಾನಕ್ಕೆ ಏರುತ್ತಿರಬಹುದು. ಇದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಸರ್ವಿಸ್‌ಗೇ ಹೋಗಬೇಕು.

ಅಡ್ಡಕ್ಕೆ ಸಾಲಾಗಿ ಬೀಳುತ್ತಿವೆ

ಏಪ್ರಿಲ್, ಮೇ ತಿಂಗಳಲ್ಲಿ ಈ ದೂರು ಬಂದರೆ ನಾನು ಮೊದಲು ಕೇಳುವುದು ಕೂಲರ್ ಎಲ್ಲಿದೆ ಎಂದು. ಹೊರಗೆ 42 ಡಿಗ್ರಿ ಇರುವಾಗ ಕೂಲರ್ ಬೇಡ ಅನ್ನಲಾಗದು, ನಿಜ. ಆದರೆ ಚಪ್ಪಟೆ ತಲೆಯ ಪೆಲೆಟ್ ಗಾಳಿಗೆ ಬೇಗ ಬಗ್ಗುತ್ತದೆ. 10 ಮೀಟರ್ ಉದ್ದಕ್ಕೂ ಸೆಕೆಂಡಿಗೆ 1 ಮೀಟರ್ ವೇಗದ ಗಾಳಿ ಅಡ್ಡ ಬೀಸಿದರೆ ಪೆಲೆಟ್ 2ರಿಂದ 3 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ರಿಂಗ್‌ನಿಂದ ರಿಂಗ್‌ಗೆ ಇರುವ ದೂರವೇ 2.5 ಮಿಲಿಮೀಟರ್. ಕೂಲರನ್ನು ಶೂಟರ್‌ಗಳ ಬೆನ್ನ ಹಿಂದೆ ಇಡಿ, ಇಲ್ಲವೇ ಶಾಟ್ ಹೊಡೆಯುವಾಗ ಆರಿಸಿ. ಪರೀಕ್ಷೆಗೆ ಒಂದು ನೂಲಿನ ಎಳೆಯನ್ನು ದಾರಿಯ ನಡುವೆ ನೇತುಹಾಕಿ. ಎಳೆ ಅಲ್ಲಾಡಿದರೆ ಗಾಳಿ ಇದೆ.

ಗಾಳಿ ಇಲ್ಲವಾದರೆ ರೈಫಲ್ ವಾಲುತ್ತಿದೆಯೇ ನೋಡಿ. ಒಂದು ಶಾಟ್ ನೆಟ್ಟಗೆ, ಇನ್ನೊಂದು ಸ್ವಲ್ಪ ಓರೆ ಹಿಡಿದರೆ ಅಡ್ಡ ಸಾಲು ಬರುತ್ತದೆ. ಮುಂದಿನ ಸೈಟ್‌ಗೆ ಹಾಕುವ ಸಣ್ಣ ನೀರ್ಮಟ್ಟ ಇದಕ್ಕೆ ಸಾಕು. ಅದೂ ಸರಿ ಇದ್ದರೆ ಟ್ರಿಗರ್ ಬೆರಳು ಪಕ್ಕಕ್ಕೆ ತಳ್ಳುತ್ತಿದೆ.

ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ

ಬೆಳಕು. ಒಂದೇ ಕಿಟಕಿಯಿಂದ ಬಿಸಿಲು ಬಂದರೆ ಕಪ್ಪು ವೃತ್ತದ ಒಂದು ಅಂಚು ಮಸುಕಾಗಿ, ಕಣ್ಣು ನಡುವನ್ನು ತಪ್ಪಾಗಿ ಹಿಡಿಯುತ್ತದೆ. ಪರದೆ ಹಾಕಿ, ಗುರಿಯ ಮೇಲೆ ಸಮನಾದ ದೀಪ ಹಾಕಿ. ಹಿಂದಿನ ಸೈಟ್‌ನ ಕಣ್ಣುತೂತಿನಲ್ಲಿ ಧೂಳು ಕೂತಿದ್ದರೆ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ.

ಹೊಡೆಯದಿದ್ದರೂ ಗೇಜ್ ಇಳಿಯುತ್ತಿದೆ

ಇಳಿದದ್ದೆಲ್ಲಾ ಸೋರಿಕೆ ಅಲ್ಲ. ಬೇಗ ಬೇಗ ಗಾಳಿ ತುಂಬಿದರೆ ಸಿಲಿಂಡರ್ ಬಿಸಿಯಾಗುತ್ತದೆ. 50 ಡಿಗ್ರಿಯಲ್ಲಿ 200 ಬಾರ್ ತೋರಿಸಿದ್ದು 30 ಡಿಗ್ರಿಗೆ ತಣ್ಣಗಾದಾಗ ಸುಮಾರು 188ಕ್ಕೆ ಬರುತ್ತದೆ. ಗಾಳಿ ಎಲ್ಲೂ ಹೋಗಿಲ್ಲ. ನಿಧಾನವಾಗಿ ತುಂಬಿ, ತಣ್ಣಗಾದ ಮೇಲೆ ಓದಿ.

ನಿಜವಾದ ಸೋರಿಕೆ ಹುಡುಕಲು ಸಂಜೆ ಸಿಲಿಂಡರನ್ನು ಗನ್‌ನಿಂದ ಬಿಡಿಸಿ, ಒತ್ತಡ ಬರೆದಿಡಿ. ಮರುದಿನ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ನೋಡಿ. ಬಿಡಿಸಿಟ್ಟಾಗಲೂ ಇಳಿದರೆ ಸಿಲಿಂಡರ್‌ನ ವಾಲ್ವ್ ಅಥವಾ ಗೇಜ್‌ನ ಜೋಡಣೆ. ಗನ್‌ಗೆ ಹಾಕಿದಾಗ ಮಾತ್ರ ಇಳಿದರೆ ಗನ್ ಒಳಗೆ. ಸಿಲಿಂಡರ್ ಕೂರುವ ಜಾಗದ ಒ-ರಿಂಗ್ (ರಬ್ಬರ್ ಬಳೆ) ಸವೆದಿದ್ದರೆ, ಅದೇ ಮಾಡೆಲ್‌ನ ಒ-ರಿಂಗ್ ತರಿಸಿ ನೀವೇ ಬದಲಿಸಬಹುದು, ಸಿಲಿಂಡರ್ ಬಿಡಿಸಿ ಗನ್ ಒಳಗಿನ ಗಾಳಿಯನ್ನೂ ಖಾಲಿ ಮಾಡಿದ ಮೇಲೆ. ಅಷ್ಟೇ ನಿಮ್ಮ ಮಿತಿ. ಒತ್ತಡ ಇರುವ ಸಿಲಿಂಡರ್‌ನ ವಾಲ್ವ್‌ಗೆ, ಗೇಜ್‌ಗೆ ಸ್ಪ್ಯಾನರ್ ಹಾಕಬೇಡಿ. 200 ಬಾರ್‌ನಲ್ಲಿ ಹಾರಿದ ಲೋಹದ ತುಂಡಿಗೆ ಎದುರು ಯಾರಿದ್ದಾರೆ ಎಂಬುದು ಗೊತ್ತಾಗುವುದಿಲ್ಲ.

ಗಾಳಿ ತುಂಬಿಸುವ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ 8, 10 ಬಾರ್ ಮಾತ್ರ ಕೊಡುತ್ತದೆ, ಅದರಿಂದ ಏನೂ ಆಗದು. ಆಗ ಯಾರಾದರೂ "ವೆಲ್ಡಿಂಗ್ ಅಂಗಡಿಯ ಸಿಲಿಂಡರ್‌ನಿಂದ ತುಂಬಿಸೋಣ ಅಣ್ಣಾ" ಅನ್ನಬಹುದು. ಅದರಲ್ಲಿ ಇರುವುದು ಆಮ್ಲಜನಕ. ಹೆಚ್ಚಿನ ಒತ್ತಡದ ಆಮ್ಲಜನಕಕ್ಕೆ ಚೂರು ಗ್ರೀಸ್ ತಗುಲಿದರೆ ಹೊತ್ತಿ ಸಿಡಿಯುತ್ತದೆ. ಪ್ರಾಣ ಹೋಗುವ ಮಾತಿದು. ಒಣ ಗಾಳಿ ಮಾತ್ರ, ಅದಕ್ಕೇ ಮಾಡಿದ ಪಂಪ್ ಅಥವಾ ಕಂಪ್ರೆಸರ್‌ನಿಂದ ಮಾತ್ರ. ವಾಲ್ವ್‌ಗೆ ಎಣ್ಣೆ ಬಿಡಬೇಡಿ.

ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. 27 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 60 ಡಿಗ್ರಿಗೆ 222 ಆಗುತ್ತದೆ. ಸಿಲಿಂಡರ್ ಮೇಲೆ ತಾರೀಖು ಒತ್ತಿರುತ್ತದೆ, ಓದಿ. ಮ್ಯಾಚ್ ಸಿಲಿಂಡರ್‌ಗಳ ಆಯುಸ್ಸು ಸಾಮಾನ್ಯವಾಗಿ 10 ವರ್ಷ. ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಅವಧಿ ಮುಗಿದಿದ್ದರೆ, ತಗ್ಗು ಬಿದ್ದಿದ್ದರೆ, ಅದಕ್ಕೆ ಗಾಳಿ ತುಂಬಿಸಲೇಬೇಡಿ.

ಸ್ಪ್ರಿಂಗ್ ಗನ್ ಹೊಗೆ ಬಿಡುತ್ತಿದೆ, ಸದ್ದು ಜೋರಾಗಿದೆ

ಸುಟ್ಟ ಎಣ್ಣೆಯ ವಾಸನೆ, ಬಾಯಲ್ಲಿ ಹೊಗೆ, ಪಟಾಕಿಯಂಥ ಸದ್ದು. ಹೊಸ ಗನ್‌ನಲ್ಲಿ ಕಾರ್ಖಾನೆಯ ಎಣ್ಣೆ ಉರಿಯುವತನಕ ಸ್ವಲ್ಪ ಹೀಗಾಗುತ್ತದೆ. ಹಳೇ ಗನ್‌ನಲ್ಲಿ ಆದರೆ ಯಾರೋ ಗಾಳಿ ತೂತಿಗೆ ಎಣ್ಣೆ ಬಿಟ್ಟಿದ್ದಾರೆ. ಪಿಸ್ಟನ್ ಒತ್ತಿದಾಗ ಗಾಳಿ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ. "ಪವರ್ ಬಂತು" ಎಂದು ಖುಷಿಪಡಬೇಡಿ. ಸೀಲ್ ಸುಡುತ್ತಿದೆ, ಸ್ಪ್ರಿಂಗ್ ಮುರಿಯುವ ದಿನ ಹತ್ತಿರವಾಗುತ್ತಿದೆ. ಎಣ್ಣೆ ಹಾಕುವುದು ನಿಲ್ಲಿಸಿ. ಕೆಲವು ಶಾಟ್‌ನಲ್ಲಿ ಕಡಿಮೆಯಾಗದಿದ್ದರೆ ಬಳಸುವುದನ್ನೂ ನಿಲ್ಲಿಸಿ.

ಇದಕ್ಕೆ ವಿರುದ್ಧವಾಗಿ ಶಕ್ತಿ ಕಮ್ಮಿಯಾಗಿದ್ದರೆ, ಬ್ಯಾರೆಲ್ ಮಡಚುವ ಜೋಡಣೆಯ ಮೇಲೆ ತೆಳು ಟಿಶ್ಯೂ ಕಾಗದದ ತುಂಡು ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿನ ಸೀಲ್ ಹೋಗಿದೆ. ಅಗ್ಗದ ರಿಪೇರಿ. ಕಾಗದ ಅಲ್ಲಾಡದೆ ಶಕ್ತಿ ಇಲ್ಲವೆಂದರೆ ಪಿಸ್ಟನ್ ಸೀಲ್ ಅಥವಾ ಸ್ಪ್ರಿಂಗ್. ಸ್ಪ್ರಿಂಗ್ ಒಳಗೆ ಒತ್ತಿಯೇ ಕೂತಿರುತ್ತದೆ. ಅದನ್ನು ಹಿಡಿಯುವ ಕ್ಲ್ಯಾಂಪ್ ಇಲ್ಲದೆ ಪಿನ್ ತೆಗೆದರೆ ಮುಖಕ್ಕೇ ಬರುತ್ತದೆ. ಬಿಚ್ಚಬೇಡಿ.

ಟ್ರಿಗರ್ ತಾನೇ ಬಿಡುತ್ತಿದೆ

ಬೋಲ್ಟ್ ಮುಚ್ಚುವಾಗ ಅಥವಾ ಸ್ವಲ್ಪ ತಟ್ಟಿದರೂ ಶಾಟ್ ಹೋದರೆ ಆ ಗನ್ ಇವತ್ತೇ ಬದಿಗೆ. ಇನ್ನೊಂದು ಶಾಟ್ ಪರೀಕ್ಷೆಗೂ ಬೇಡ. ಯಾರೋ ಸ್ಕ್ರೂ ತಿರುಗಿಸಿ ತೀರಾ ಹಗುರ ಮಾಡಿರಬಹುದು, ಕೊಕ್ಕೆ ಸವೆದಿರಬಹುದು. ಯಾವುದು ಎಂದು ತಿಳಿಯುವವರು ಬಿಚ್ಚಿ ನೋಡಲಿ. ಗನ್ ಮೇಲೆ "ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ, ಬೀಗ ಹಾಕಿಡಿ.

ಸರ್ವಿಸ್‌ಗೆ ಕಳಿಸುವಾಗ

ಸಿಲಿಂಡರ್ ಬಿಡಿಸಿ, ಗಾಳಿ ಪೂರ್ತಿ ಖಾಲಿ ಮಾಡಿ ಕಳಿಸಿ. ಜೊತೆಗೆ ಒಂದು ಹಾಳೆ ಇಡಿ: ದೋಷ ಯಾವತ್ತು ಶುರುವಾಯಿತು, ಪೆಲೆಟ್‌ನ ಹೆಸರು ಮತ್ತು ಬ್ಯಾಚ್, ಗೇಜ್ ಎಷ್ಟಿತ್ತು, ಏನೇನು ಬದಲಿಸಿ ನೋಡಿದಿರಿ. ಚೀಲದ ಮೇಲಿಂದ ಹೊಡೆದ ಮೂರು ಕಾರ್ಡ್‌ಗಳನ್ನೂ, ಗನ್ ಚೆನ್ನಾಗಿದ್ದಾಗಿನ ಕಾರ್ಡನ್ನೂ ಸೇರಿಸಿ. ರಿಪೇರಿ ಮಾಡುವವರಿಗೆ ಅದರಿಂದ ಅರ್ಧ ಕೆಲಸ ಉಳಿಯುತ್ತದೆ, ಗನ್ ಬೇಗ ವಾಪಸ್ ಬರುತ್ತದೆ.